ಜುಲೈ 4ರ ಕೆಂಪು-ಬಿಳಿ-ನೀಲಿ: ನಲವತ್ತು ಜನಕ್ಕೆ ಕುಡಿಯೋಕೆ ಏನು ಮಾಡಲಿ?

ಪ್ರಶ್ನೆ: ನಾವಿರುವುದು ಟೆಕ್ಸಾಸ್‌ನ ಡಾಲಸ್ ಹತ್ತಿರ. ಜುಲೈ 4ಕ್ಕೆ, ಅಂದರೆ ಅಮೆರಿಕದ ಸ್ವಾತಂತ್ರ್ಯ ದಿನಕ್ಕೆ, ನಮ್ಮ ಬೀದಿಯವರೆಲ್ಲ ಸೇರಿ ಸಂಜೆ ನಾಲ್ಕರಿಂದ ಪಟಾಕಿ ಮುಗಿಯುವವರೆಗೆ ಹೊರಗಡೆ ಊಟ ಇಟ್ಟುಕೊಂಡಿದ್ದಾರೆ. ನಲವತ್ತು ಜನ, ಅರ್ಧಕ್ಕರ್ಧ ಮಕ್ಕಳು. ನಮ್ಮ ಪಾಲಿಗೆ ಬಂದಿರುವುದು ಕುಡಿಯುವ ಐಟಂಗಳು, ಮದ್ಯ ಬೇಡ. ಒಂದು ವಿಡಿಯೊ ನೋಡಿ ಇಲ್ಲಿನ ಧ್ವಜದ ಕೆಂಪು-ಬಿಳಿ-ನೀಲಿ ಪದರದ ಡ್ರಿಂಕ್ ಮಾಡಿ ನೋಡಿದೆ, ಎಲ್ಲ ಕಲಸಿಕೊಂಡು ನೇರಳೆ ನೀರಾಯಿತು. ಬಣ್ಣದ ಬಾಟಲಿ ತರದೆ ಇದನ್ನು ಮಾಡಬಹುದಾ? ಪುತ್ತೂರಿನಿಂದ ಅತ್ತೆ ಬಂದಿದ್ದಾರೆ, ಮನೆಯಲ್ಲಿ ಒಣಗಿಸಿದ ಪುನರ್ಪುಳಿ (ಕೋಕಂ) ಸಿಪ್ಪೆ ಇದೆ. ಇಲ್ಲಿಯವರು ಅದನ್ನು ಕುಡಿದಾರಾ? ಐಸ್ ಎಷ್ಟು ತರಬೇಕು?

ಉತ್ತರ: ಮೊದಲು ನೇರಳೆ ನೀರಿನ ವಿಷಯ ಮುಗಿಸೋಣ, ಯಾಕೆಂದರೆ ಈ ಪ್ರಶ್ನೆ ಪ್ರತಿ ವರ್ಷ ಜೂನ್ ಕೊನೆಗೆ ನನಗೆ ಬಂದೇ ಬರುತ್ತದೆ, ಮತ್ತು ಬಹಳ ಜನ ತಮ್ಮ ಕೈ ನಡುಗಿತು, ನಿಧಾನವಾಗಿ ಸುರಿಯಲಿಲ್ಲ ಅಂತ ಅಂದುಕೊಂಡಿರುತ್ತಾರೆ. ಕೈಯ ತಪ್ಪು ಕಡಿಮೆ. ತಪ್ಪು ಇರುವುದು ಸಕ್ಕರೆಯಲ್ಲಿ.

ಪದರ ನಿಲ್ಲುವುದು ತೂಕದ ಮೇಲೆ. 100 ಎಂಎಲ್ ನೀರು 100 ಗ್ರಾಂ ತೂಗುತ್ತದೆ. ನೂರು ಗ್ರಾಂನಲ್ಲಿ 8 ಗ್ರಾಂ ಸಕ್ಕರೆ ಇದ್ದರೆ ಅದೇ 100 ಎಂಎಲ್ ಸುಮಾರು 103 ಗ್ರಾಂ ಆಗುತ್ತದೆ, 20 ಗ್ರಾಂ ಇದ್ದರೆ 108. ಜಾಸ್ತಿ ಸಿಹಿ ಇರುವುದು ತಳಕ್ಕೆ, ಸಿಹಿಯೇ ಇಲ್ಲದ್ದು ಮೇಲಕ್ಕೆ. ಇಷ್ಟೇ ಗುಟ್ಟು. ನೀವು ಯಾವ ಯಾವ ಬಾಟಲಿ ತಂದಿರಿ ಅಂತ ಬರೆದಿಲ್ಲ, ಆದರೂ ಊಹಿಸಬಲ್ಲೆ: ಒಳ್ಳೆಯದು ಅಂತ ಸಕ್ಕರೆ ಕಡಿಮೆ ಇರುವ ಕ್ರ್ಯಾನ್‌ಬೆರಿ ಜ್ಯೂಸ್ ತಂದು ತಳಕ್ಕೆ ಹಾಕಿರುತ್ತೀರಿ, ಅದರ ಮೇಲೆ ಮಾಮೂಲಿ ಸಕ್ಕರೆ ಇರುವ ನೀಲಿ ಸ್ಪೋರ್ಟ್ಸ್ ಡ್ರಿಂಕ್ ಸುರಿದಿರುತ್ತೀರಿ. ಭಾರದ್ದು ಮೇಲಿದ್ದರೆ ಕೆಳಗೆ ಇಳಿಯದೆ ಏನು ಮಾಡುತ್ತದೆ? ಚಮಚದ ಬೆನ್ನ ಮೇಲೆ ಎಷ್ಟು ನಾಜೂಕಾಗಿ ಸುರಿದರೂ ಇಳಿಯುತ್ತದೆ.

ಆದ್ದರಿಂದ ಅಂಗಡಿಯಲ್ಲಿ ಬಾಟಲಿಯ ಬಣ್ಣ ನೋಡುವ ಮೊದಲು ಹಿಂದಿರುವ ಲೇಬಲ್ ನೋಡಿ. ಇಲ್ಲೊಂದು ಕಿತಾಪತಿ ಇದೆ. ಒಂದು ಬಾಟಲಿಯಲ್ಲಿ ಸಕ್ಕರೆಯ ಅಂಕಿ 8 ಔನ್ಸ್‌ಗೆ, ಅಂದರೆ 240 ಎಂಎಲ್‌ಗೆ ಬರೆದಿರುತ್ತಾರೆ. ಇನ್ನೊಂದರಲ್ಲಿ 12 ಔನ್ಸ್‌ಗೆ, ಮತ್ತೊಂದರಲ್ಲಿ ಇಡೀ ಬಾಟಲಿಗೆ. ಸುಮ್ನೆ ಅಂಕಿ ಹೋಲಿಸಿದರೆ ಮೋಸ ಹೋಗುತ್ತೀರಿ. ಮೂರನ್ನೂ 100 ಎಂಎಲ್‌ಗೆ ಎಷ್ಟು ಅಂತ ಲೆಕ್ಕ ಹಾಕಿಕೊಳ್ಳಿ. ಸಾಧಾರಣ ಕ್ರ್ಯಾನ್‌ಬೆರಿ ಜ್ಯೂಸ್ ಕಾಕ್‌ಟೇಲ್‌ನಲ್ಲಿ 100 ಎಂಎಲ್‌ಗೆ ಹತ್ತು ಗ್ರಾಂ ಮೇಲೆ ಸಕ್ಕರೆ ಇರುತ್ತದೆ, ಮಾಮೂಲಿ ಸ್ಪೋರ್ಟ್ಸ್ ಡ್ರಿಂಕ್‌ನಲ್ಲಿ ಆರು ಗ್ರಾಂ ಆಸುಪಾಸು, ಅದರದೇ ಝೀರೊ ಶುಗರ್ ಬಾಟಲಿಯಲ್ಲಿ ಸೊನ್ನೆ. ಒಂದು ಪದರಕ್ಕೂ ಇನ್ನೊಂದಕ್ಕೂ ನಾಲ್ಕೈದು ಗ್ರಾಂ ಅಂತರ ಇದ್ದರೆ ನಿಶ್ಚಿಂತೆ.

ಬಾಟಲಿ ಬಣ್ಣ ಬೇಡ ಅಂದಿರಲ್ಲ, ಅದು ನಿಮಗೆ ಅನುಕೂಲವೇ. ನೀವೇ ಮಾಡಿದರೆ ಸಕ್ಕರೆ ನಿಮ್ಮ ಕೈಯಲ್ಲಿ ಇರುತ್ತದೆ. ಕೆಂಪಿಗೆ ಅತ್ತೆಯವರ ಪುನರ್ಪುಳಿ. ಬಿಳಿಗೆ ತೆಂಗಿನ ಹಾಲು. ನೀಲಿಗೆ ಶಂಖಪುಷ್ಪ.

ನೀಲಿಯಿಂದಲೇ ಶುರು ಮಾಡುತ್ತೇನೆ, ಕಷ್ಟ ಇರುವುದು ಅಲ್ಲೇ. ತಿನ್ನುವ ವಸ್ತುಗಳಲ್ಲಿ ನಿಜವಾದ ನೀಲಿ ಬಹಳ ಕಡಿಮೆ. ಬ್ಲೂಬೆರಿ ಅರೆದರೆ ನೇರಳೆ ಬರುತ್ತದೆ. ಕೆಂಪು ಎಲೆಕೋಸಿನ ರಸಕ್ಕೆ ಚಿಟಿಕೆ ಸೋಡಾ ಹಾಕಿದರೆ ನೀಲಿ ಬರುವುದು ಹೌದು, ಆದರೆ ಕೋಸಿನ ವಾಸನೆಯ ಶರಬತ್ತನ್ನು ಯಾರ ಮಕ್ಕಳು ಕುಡಿಯುತ್ತಾರೆ? ಸ್ಪಿರುಲಿನಾದಿಂದ ತೆಗೆದ ನೀಲಿ ಪುಡಿ ಚೆನ್ನಾಗಿದೆ, ದುಬಾರಿ, ಬಿಸಿಗೂ ಹುಳಿಗೂ ತಡೆಯುವುದಿಲ್ಲ. ಉಳಿದದ್ದು ಶಂಖಪುಷ್ಪ. ಊರಲ್ಲಿ ಬೇಲಿ ಮೇಲೆ ಹಬ್ಬಿರುತ್ತದಲ್ಲ, ಶಿವನ ಪೂಜೆಗೆ ಕಿತ್ತು ತರುವ ನೀಲಿ ಹೂ, ಅದೇ. ಅಮೆರಿಕದಲ್ಲಿ ಬಟರ್‌ಫ್ಲೈ ಪೀ ಟೀ ಅನ್ನುವ ಹೆಸರಲ್ಲಿ ಒಣ ಹೂ ಸಿಗುತ್ತದೆ. ಇದರ ಸಾರವನ್ನು ಪಾನೀಯಗಳಿಗೆ ಬಣ್ಣವಾಗಿ ಬಳಸಲು ಅಲ್ಲಿನ ಆಹಾರ-ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2021ರಲ್ಲಿ ಒಪ್ಪಿಗೆ ಕೊಟ್ಟಿದೆ. ಒಂದು ಲೀಟರ್ ಕುದಿಯುವ ನೀರಿಗೆ ಮೂರು ನಾಲ್ಕು ದೊಡ್ಡ ಚಮಚ ಒಣ ಹೂ ಹಾಕಿ, ಐದು ನಿಮಿಷ ಬಿಟ್ಟು ಸೋಸಿದರೆ ಇಂಕಿನಂಥ ನೀಲಿ. ರುಚಿ ಹೇಳಿಕೊಳ್ಳುವಂಥದ್ದೇನಲ್ಲ, ಸ್ವಲ್ಪ ಹಸಿ ಬಟಾಣಿ ಸಿಪ್ಪೆಯ ವಾಸನೆ. ಜೊತೆಗೆ ಒಂದು ಹಿಡಿ ಪುದೀನ ಹಾಕಿ ನೆನೆಸಿದರೆ ಅದು ಗೊತ್ತಾಗುವುದಿಲ್ಲ. ಸಕ್ಕರೆ ಹಾಕಬೇಡಿ, ಇದು ಮೇಲಿನ ಪದರ.

ಶಂಖಪುಷ್ಪಕ್ಕೆ ಒಂದು ಗುಣ ಇದೆ. ಹುಳಿ ತಾಗಿದರೆ ನೀಲಿ ಹೋಗಿ ನೇರಳೆ, ಜಾಸ್ತಿ ತಾಗಿದರೆ ಗುಲಾಬಿ. ಪುನರ್ಪುಳಿ ಪೂರ್ತಿ ಹುಳಿ. ಇವೆರಡನ್ನು ಪಕ್ಕಪಕ್ಕ ಇಟ್ಟಿರೋ ಮತ್ತೆ ನೇರಳೆ. ಇಲ್ಲೇ ಮಧ್ಯದ ಬಿಳಿ ಕೆಲಸಕ್ಕೆ ಬರುವುದು. ತೆಂಗಿನ ಹಾಲಿನಲ್ಲಿ ಹುಳಿ ಇಲ್ಲ, ಅದು ನಡುವೆ ನಿಂತು ಹುಳಿಯನ್ನು ಕೆಳಗೂ ನೀಲಿಯನ್ನು ಮೇಲೂ ಇಡುತ್ತದೆ. ತಳದಲ್ಲಿ ಕೆಂಪು, ನಡುವೆ ಬಿಳಿ, ಮೇಲೆ ನೀಲಿ ಅನ್ನುವ ಕ್ರಮ ನೋಡಲು ಚಂದ ಅಂತ ಮಾತ್ರ ಅಲ್ಲ, ಈ ಮೂರು ಪದಾರ್ಥಗಳಿಗೆ ಬೇರೆ ಕ್ರಮ ಹೊಂದುವುದೇ ಇಲ್ಲ.

ತೆಂಗಿನ ಹಾಲು ತರುವಾಗ ಡಬ್ಬಿಯ ದಪ್ಪ ಹಾಲು ಬೇಡ. ಫ್ರಿಜ್‌ನಲ್ಲಿಟ್ಟರೆ ಅದರ ಕೊಬ್ಬು ಗಟ್ಟಿಯಾಗಿ ಗಡ್ಡೆ ಗಡ್ಡೆ ತೇಲುತ್ತದೆ. ಹಾಲಿನ ಸಾಲಿನಲ್ಲಿ ಪೆಟ್ಟಿಗೆಯಲ್ಲಿ ಸಿಗುವ, ಕುಡಿಯಲಿಕ್ಕೆಂದೇ ತೆಳುವಾಗಿ ಮಾಡಿದ ತೆಂಗಿನ ಹಾಲು ತನ್ನಿ, ಸಿಹಿ ಇಲ್ಲದ್ದು. ಲೀಟರಿಗೆ 80 ಗ್ರಾಂ ಸಕ್ಕರೆ ನೀವೇ ಕರಗಿಸಿ, ಎರಡು ಏಲಕ್ಕಿ ಪುಡಿ. ಹಸುವಿನ ಹಾಲು ಮಾತ್ರ ಬೇಡವೇ ಬೇಡ, ಪುನರ್ಪುಳಿ ತಾಗಿದ ಕ್ಷಣ ಒಡೆಯುತ್ತದೆ. ತೆಂಗಿನ ಹಾಲೂ ಗಡಿಯಲ್ಲಿ ಸ್ವಲ್ಪ ಒಡೆದ ಹಾಗೆ ಕಾಣಬಹುದು, ರುಚಿಗೇನೂ ಆಗುವುದಿಲ್ಲ.

ಪುನರ್ಪುಳಿ ಸಿರಪ್ ಮಾಡುವುದನ್ನು ನಿಮ್ಮ ಅತ್ತೆಗೆ ನಾನು ಹೇಳಿಕೊಟ್ಟರೆ ಅಧಿಕಪ್ರಸಂಗ. ಆದರೂ ಅಳತೆ ಬೇಕಲ್ಲ: 50 ಗ್ರಾಂ ಒಣ ಸಿಪ್ಪೆಗೆ ಅರ್ಧ ಲೀಟರ್ ಬಿಸಿ ನೀರು, ಮೂರು ನಾಲ್ಕು ಗಂಟೆ ನೆನೆಸಿ, ಚೆನ್ನಾಗಿ ಹಿಸುಕಿ ಸೋಸಿ, 450 ಗ್ರಾಂ ಸಕ್ಕರೆ ಹಾಕಿ ಒಂದು ಕುದಿ. ಪಾತ್ರೆ ಸ್ಟೀಲಿನದಿರಲಿ, ಹುಳಿಗೆ ಅಲ್ಯೂಮಿನಿಯಂ ಬೇಡ. ಸಿಪ್ಪೆ ಸಾಲದೆ ಇಂಡಿಯನ್ ಅಂಗಡಿಯಿಂದ ಕೋಕಂ ತಂದರೆ ಒಂದು ಚೂರು ಬಾಯಿಗೆ ಹಾಕಿ ನೋಡಿ. ಸಾರಿಗೆ ಹಾಕುವ ಆಮ್ಸುಲ್‌ನಲ್ಲಿ ಉಪ್ಪು ಸೇರಿಸಿರುತ್ತಾರೆ, ಶರಬತ್ತಿಗೆ ಅದು ಆಗದು. ಪದರದ ಲೋಟಕ್ಕೆ ಈ ಸಿರಪ್ಪಿನ ಒಂದು ಪಾಲಿಗೆ ಒಂದೂವರೆ ಪಾಲು ನೀರು. ಸಾಕಷ್ಟು ಭಾರ ಇರುತ್ತದೆ, ತಳ ಬಿಟ್ಟು ಏಳುವುದಿಲ್ಲ.

ಇನ್ನು ಸುರಿಯುವುದು. ಮೂರೂ ಫ್ರಿಜ್‌ನಿಂದ ಆಗಷ್ಟೇ ತೆಗೆದಿರಬೇಕು, ಒಂದು ತಣ್ಣಗೆ ಒಂದು ಬೆಚ್ಚಗೆ ಇದ್ದರೆ ಪದರ ಅಲುಗಾಡುತ್ತದೆ. ಲೋಟ ಪಾರದರ್ಶಕ ಇರಲಿ. ಇದನ್ನು ಬರೆಯಬೇಕಾ ಅನ್ನಿಸಬಹುದು, ಆದರೆ ಅಮೆರಿಕದ ಪಾರ್ಟಿ ಅಂದ ಕೂಡಲೇ ಎಲ್ಲರೂ ಆ ಕೆಂಪು ಪ್ಲಾಸ್ಟಿಕ್ ಕಪ್ಪಿನ ಕಟ್ಟು ತರುತ್ತಾರೆ, ಅದರೊಳಗೆ ಏನು ಬಣ್ಣ ಇದ್ದರೆ ಯಾರಿಗೆ ಕಾಣುತ್ತದೆ? 9 ಔನ್ಸ್‌ನ ತಿಳಿ ಕಪ್ ತನ್ನಿ. ಮೊದಲು ಕೆಂಪು 50 ಎಂಎಲ್. ಆಮೇಲೆ ಕಪ್ಪಿನ ಬಾಯಿವರೆಗೂ ಐಸ್, ಕಂಜೂಸಿ ಬೇಡ. ಬಿಳಿಯನ್ನು ಐಸ್ ತುಂಡಿನ ನೆತ್ತಿಯ ಮೇಲೆ ಸಣ್ಣ ಧಾರೆಯಲ್ಲಿ ಬಿಡಿ, ಅದು ತುಂಡಿಂದ ತುಂಡಿಗೆ ಜಾರುತ್ತಾ ವೇಗ ಕಳೆದುಕೊಂಡು ಕೆಂಪಿನ ಮೇಲೆ ಹೋಗಿ ಕೂರುತ್ತದೆ. ನೀಲಿಯೂ ಹಾಗೆಯೇ. ಮೂತಿ ಚೂಪಾಗಿರುವ ಸಾಸ್ ಬಾಟಲಿಯಲ್ಲಿ ತುಂಬಿಟ್ಟುಕೊಂಡರೆ ಕೈ ಪಳಗುವುದು ಬೇಗ. ಸೋಡಾ ಹಾಕುವ ಆಸೆ ಇದ್ದರೆ ಮೇಲಿನ ಪದರಕ್ಕೆ ಮಾತ್ರ, ಅದೂ ಸ್ವಲ್ಪ. ಗುಳ್ಳೆಗಳು ಕೆಳಗಿಂದ ಎದ್ದರೆ ಅವೇ ಚಮಚ ಆಡಿಸಿದ ಹಾಗೆ ಕಲಸಿಬಿಡುತ್ತವೆ.

ನಲವತ್ತು ಕಪ್ಪಿಗೆ ಪ್ರತಿ ಬಣ್ಣ ತಲಾ ಎರಡು ಲೀಟರ್ ಸಾಕು. ಆದರೆ ನಲವತ್ತನ್ನೂ ಮೊದಲೇ ಮಾಡಿ ಸಾಲಾಗಿ ಇಡಬೇಡಿ. ಆ ಬಿಸಿಲಲ್ಲಿ ಐಸ್ ಕರಗಿ ಗೆರೆಗಳು ಬೇಗ ಮಸುಕಾಗುತ್ತವೆ. ಹಿಂದಿನ ರಾತ್ರಿಯೇ ಪ್ಲಾಸ್ಟಿಕ್ ಕಪ್ಪುಗಳಿಗೆ ಕೆಂಪು ಹಾಕಿ ಫ್ರೀಜರ್‌ನಲ್ಲಿ ಇಟ್ಟುಬಿಟ್ಟರೆ ಅರ್ಧ ಕೆಲಸ ಮುಗಿದಂತೆ. ಮರುದಿನ ಐಸ್, ಬಿಳಿ, ನೀಲಿ, ಕೈಗೆ ಕೊಡುವುದು. ಕೆಂಪು ಕರಗಿದರೂ ಸಕ್ಕರೆ ಭಾರಕ್ಕೆ ತಳದಲ್ಲೇ ಇರುತ್ತದೆ. ಗಾಜಿನ ಲೋಟದಲ್ಲಿ ಇದನ್ನು ಮಾಡಬೇಡಿ, ಬಿರುಕು ಬಿಡುತ್ತದೆ. ಫೋಟೊ ತೆಗೆದ ಮೇಲೆ ಕದಡಿ ಕುಡಿಯಲು ಹೇಳಿ. ಕದಡದೆ ಕುಡಿದರೆ ಮೊದಲು ಸಪ್ಪೆ ಪುದೀನ ನೀರು, ಕೊನೆಗೆ ಬರೀ ಸಿರಪ್.

ಇಷ್ಟು ಬರೆದ ಮೇಲೆ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಪದರದ ಡ್ರಿಂಕ್ ತಲೆಗೊಂದೇ, ಅದು ಸಂಭ್ರಮಕ್ಕೆ. ಬಾಯಾರಿಕೆಗೆ ಬೇರೆಯೇ ಬೇಕು. ಜುಲೈನಲ್ಲಿ ಡಾಲಸ್ ಸಂಜೆ ನಾಲ್ಕಕ್ಕೆ 35 ಡಿಗ್ರಿ ಸಾಮಾನ್ಯ, ಸೂರ್ಯ ಮುಳುಗುವುದೇ ಎಂಟೂವರೆ ದಾಟಿ, ಪಟಾಕಿ ಅದಾದ ಮೇಲೆ. ಐದಾರು ಗಂಟೆ ಹೊರಗಿರುವ ಜನಕ್ಕೆ ತಲೆಗೆ ಒಂದೂವರೆ ಲೀಟರ್ ಲೆಕ್ಕ ಹಿಡಿಯಿರಿ, ಒಟ್ಟು 60 ಲೀಟರ್. ಅದರಲ್ಲಿ ಅರ್ಧ ಬರೀ ತಣ್ಣೀರು. ನಮ್ಮವರ ಪಾರ್ಟಿಗಳಲ್ಲಿ ಮೂರು ನಾಲ್ಕು ಥರದ ಜ್ಯೂಸ್ ಇದ್ದು ನೀರಿನ ಬಾಟಲಿ ಮಾತ್ರ ಏಳಕ್ಕೇ ಖಾಲಿಯಾಗಿರುತ್ತದೆ. ಸಿಹಿ ಕುಡಿದಷ್ಟೂ ನೀರು ಬೇಕು ಅನ್ನಿಸುತ್ತದೆ, ಅಲ್ವಾ? ಉಳಿದ 30 ಲೀಟರಿನಲ್ಲಿ ಆರು ಲೀಟರ್ ಪದರದ್ದಾಯಿತು. ಮಿಕ್ಕಿದ್ದಕ್ಕೆ ಎರಡು ದೊಡ್ಡ ನಲ್ಲಿ ಡಬ್ಬ, ಒಂದೊಂದರಲ್ಲಿ ಹತ್ತು ಲೀಟರ್, ಆಮೇಲೆ ಒಂದಿಷ್ಟು ಚಿಲ್ಲರೆ.

ಒಂದು ಡಬ್ಬ ಪುನರ್ಪುಳಿಯದೇ ಇರಲಿ. ಇಲ್ಲಿಯವರು ಕುಡಿದಾರಾ ಅಂತ ಕೇಳಿದಿರಿ. ಧಾರಾಳವಾಗಿ ಕುಡಿಯುತ್ತಾರೆ. ಹುಳಿ-ಸಿಹಿ ಕೆಂಪು ಪಾನೀಯ ಅವರಿಗೆ ಹೊಸದಲ್ಲ, ಕ್ರ್ಯಾನ್‌ಬೆರಿ ಇದೆ, ದಾಸವಾಳದ ಜಾತಿಯ ಪುಂಡಿ ಹೂವಿನ ಕೆಂಪು ಶರಬತ್ತು ಇದೆ. ನಿಮ್ಮ ಟೆಕ್ಸಾಸ್‌ನಲ್ಲೇ ಜೂನ್ 19ರ ಜೂನ್‌ಟೀಂತ್ ಹಬ್ಬಕ್ಕೆ ಕೆಂಪು ಪಾನೀಯ ಇರಲೇಬೇಕು. 1865ರಲ್ಲಿ ಗ್ಯಾಲ್ವೆಸ್ಟನ್‌ನಲ್ಲಿ ಗುಲಾಮಗಿರಿ ಮುಗಿಯಿತು ಅಂತ ಸಾರಿದ ದಿನ ಅದು, 2021ರಿಂದ ದೇಶಕ್ಕೆಲ್ಲ ರಜೆ. ಬೀದಿಯಲ್ಲಿ ಆ ಹಬ್ಬ ಮಾಡುವ ಮನೆಯಿದ್ದರೆ ನಿಮ್ಮ ಡಬ್ಬದ ಹತ್ತಿರ ಮೊದಲು ಬರುವವರು ಅವರೇ ಇರಬಹುದು. ಸಿರಪ್ ಒಂದು ಪಾಲಿಗೆ ನೀರು ನಾಲ್ಕು ಪಾಲು, ಹತ್ತು ಲೀಟರಿಗೆ ಒಂದು ಸಣ್ಣ ಚಮಚ ಉಪ್ಪು. ಜೀರಿಗೆ ಹುರಿದು ಪುಡಿ ಮಾಡಿ ಹಾಕುವುದು ನಮ್ಮ ಕಡೆ ರೂಢಿ, ಆದರೆ ಇದಕ್ಕೆ ಹಾಕಬೇಡಿ. ಜೀರಿಗೆ ವಾಸನೆ ಬಂದರೆ ಅವರಿಗೆ ಇದು ಅಡುಗೆಯ ಪದಾರ್ಥ ಅನ್ನಿಸಿ ಒಂದು ಗುಟುಕಿಗೆ ನಿಲ್ಲಿಸುತ್ತಾರೆ. ಬೇಕಾದವರಿಗೆ ಪಕ್ಕದಲ್ಲೊಂದು ಬಟ್ಟಲಲ್ಲಿ ಇಡಿ. ಡಬ್ಬದ ಮೇಲೆ ಹೆಸರು ಬರೆದು ಅಂಟಿಸಿ, ಕೆಳಗೆ ಹುಳಿ ಹಣ್ಣಿನ ಶರಬತ್ತು ಅಂತ ಇಂಗ್ಲಿಷ್‌ನಲ್ಲಿ ಒಂದು ಸಾಲು. ಏನು ಅಂತ ಗೊತ್ತಿಲ್ಲದ ಕೆಂಪು ನೀರನ್ನು ಯಾರೂ ಮುಟ್ಟುವುದಿಲ್ಲ.

ಎರಡನೇ ಡಬ್ಬ ಲೆಮನೇಡ್. ಒಂದು ಕಪ್ ರಸ, ಒಂದು ಕಪ್ ಸಕ್ಕರೆ, ಆರು ಕಪ್ ನೀರು. ಇದನ್ನು ಅಂಗಡಿ ಪುಡಿಯಲ್ಲಿ ಮಾಡಿದರೆ ಅಂಗಡಿ ಪುಡಿಯ ರುಚಿಯೇ. ಒಂದು ಕೆಲಸ ಮಾಡಿ: ಹಿಂಡುವ ಮೊದಲು ಹಳದಿ ನಿಂಬೆಯ ಸಿಪ್ಪೆಯನ್ನು ಬಿಳಿ ಭಾಗ ಬರದ ಹಾಗೆ ಹೆರೆದು ಸಕ್ಕರೆ ಜೊತೆ ಉಜ್ಜಿ ರಾತ್ರಿಯಿಡೀ ಮುಚ್ಚಿಡಿ. ಬೆಳಗ್ಗೆ ನೋಡಿದರೆ ಸಕ್ಕರೆ ಒದ್ದೆಯಾಗಿ, ಸಿಪ್ಪೆಯ ಎಣ್ಣೆಯೆಲ್ಲ ಎಳೆದುಕೊಂಡು ಘಮಘಮ ಅನ್ನುತ್ತಿರುತ್ತದೆ. ಅದಕ್ಕೆ ರಸ, ನೀರು ಸೇರಿಸಿ ಸೋಸಿ. ದೊಡ್ಡವರಿಗೆ ಇದನ್ನೇ ಅರ್ಧ, ಸಕ್ಕರೆ ಇಲ್ಲದ ಐಸ್ಡ್ ಟೀ ಅರ್ಧ ಬೆರೆಸಿ ಕೊಡಬಹುದು. ಆರ್ನಾಲ್ಡ್ ಪಾಮರ್ ಅಂತ ಗಾಲ್ಫ್ ಆಟಗಾರನ ಹೆಸರಲ್ಲಿ ಅಮೆರಿಕದಲ್ಲೆಲ್ಲ ಕುಡಿಯುವುದು ಇದನ್ನೇ. ಟೀ ಬೇರೆ ಜಗ್‌ನಲ್ಲಿರಲಿ, ರಾತ್ರಿ ಮಕ್ಕಳು ಮಲಗಬೇಕಲ್ಲ.

ಲೈಮ್, ಅಂದರೆ ನಮ್ಮ ಹಸಿರು ನಿಂಬೆ ಹಿಂಡುವುದಿದ್ದರೆ ಮನೆಯೊಳಗೇ ಹಿಂಡಿ, ಸೋಪು ಹಾಕಿ ಕೈ ತೊಳೆದು ಹೊರಗೆ ಬನ್ನಿ. ಅದರ ರಸ, ಸಿಪ್ಪೆಯ ಎಣ್ಣೆ ಚರ್ಮದ ಮೇಲಿದ್ದು ಬಿಸಿಲು ಬಿದ್ದರೆ ಸುಟ್ಟ ಹಾಗೆ ಬೊಬ್ಬೆ ಏಳುತ್ತದೆ. ತಕ್ಷಣ ಅಲ್ಲ, ಒಂದೆರಡು ದಿನ ಬಿಟ್ಟು, ಆಮೇಲೆ ಕಂದು ಕಲೆ ವಾರಗಟ್ಟಲೆ ಉಳಿಯುತ್ತದೆ. ಬಿಸಿಲಲ್ಲಿ ನಿಂತು ಮಾರ್ಗರಿಟಾ ಅನ್ನುವ ಮದ್ಯದ ಪಾನೀಯಕ್ಕೆ ಲೈಮ್ ಹಿಂಡಿದವರಿಗೆ ಆಗುತ್ತಾ ಬಂದು ಇದಕ್ಕೆ ಮಾರ್ಗರಿಟಾ ಬರ್ನ್ ಅಂತಲೇ ಹೆಸರು ಬಿದ್ದಿದೆ. ಮಕ್ಕಳಿಗೆ ಶಂಖಪುಷ್ಪದ ಬಣ್ಣ ಬದಲಾಗುವ ಆಟ ತೋರಿಸುವ ಆಸೆ ನಿಮಗೆ ಬಂದೇ ಬರುತ್ತದೆ, ತೋರಿಸಿ. ಆದರೆ ಕೈಗೆ ಹೋಳು ಕೊಡಬೇಡಿ, ರಸವನ್ನು ಸಣ್ಣ ಬಾಟಲಿಗೆ ತುಂಬಿ ನೀವೇ ನಾಲ್ಕು ಹನಿ ಬಿಡಿ.

ಚಿಲ್ಲರೆಯಲ್ಲಿ ಮೊದಲನೆಯದು ಕಲ್ಲಂಗಡಿ. ಏಳೆಂಟು ಕೆಜಿಯ ಒಂದು ಹಣ್ಣಿನಿಂದ ಸುಮಾರು ನಾಲ್ಕು ಲೀಟರ್ ರಸ ಬರುತ್ತದೆ. ಅರೆದು ಸೋಸಿ, ಉಪ್ಪು, ಸ್ವಲ್ಪ ಶುಂಠಿ. ಮೊದಲೇ ಮಾಡಿಟ್ಟರೆ ನೀರು ಕೆಳಗೆ ತಿರುಳು ಮೇಲೆ ಆಗುತ್ತದೆ, ಕೊಡುವಾಗ ಕಲಕಿದರೆ ಆಯಿತು. ಎರಡನೆಯದು ರೂಟ್ ಬಿಯರ್ ಫ್ಲೋಟ್. ಹೆಸರಲ್ಲಿ ಬಿಯರ್ ಇದ್ದರೂ ಅಂಗಡಿಯಲ್ಲಿ ಸಿಗುವುದು ಮಕ್ಕಳ ಸೋಡಾ. ಸ್ವಾತಂತ್ರ್ಯದ ನೂರನೇ ವರ್ಷಕ್ಕೆ, 1876ರಲ್ಲಿ, ಫಿಲಡೆಲ್ಫಿಯಾದಲ್ಲಿ ನಡೆದ ದೊಡ್ಡ ಪ್ರದರ್ಶನದಲ್ಲಿ ಚಾರ್ಲ್ಸ್ ಹೈರ್ಸ್ ಅನ್ನುವ ಔಷಧ ವ್ಯಾಪಾರಿ ಇದನ್ನು ಜನಕ್ಕೆ ಪರಿಚಯಿಸಿದ ಅಂತ ಹೇಳುತ್ತಾರೆ, ಹಾಗಾಗಿ ಈ ದಿನಕ್ಕೆ ಹೊಂದುತ್ತದೆ. ಒಂದು ಗುಂಡು ವೆನಿಲಾ ಐಸ್‌ಕ್ರೀಮ್ ಮೇಲೆ ಸುರಿದರೆ ಮುಗಿಯಿತು. ಅತ್ತೆಯವರಿಗೆ ಮಾತ್ರ ಕೊಡುವ ಮುನ್ನ ಯೋಚಿಸಿ. ಅದರಲ್ಲಿರುವ ವಿಂಟರ್‌ಗ್ರೀನ್ ವಾಸನೆ ಮಂಡಿನೋವಿಗೆ ಹಚ್ಚುವ ಮುಲಾಮಿನದ್ದೇ. ಅಮೆರಿಕದವರಿಗೆ ಬಾಲ್ಯದ ರುಚಿ, ಊರಿಂದ ಬಂದವರಿಗೆ ಔಷಧ ಅಂಗಡಿ.

ಮೂರನೆಯದು ನನ್ನ ಇಷ್ಟದ್ದು. ಸ್ವಿಚೆಲ್ ಅಂತ. ನ್ಯೂ ಇಂಗ್ಲೆಂಡ್ ಕಡೆ ಹಿಂದೆ ಹುಲ್ಲು ಕೊಯ್ಯುವವರು ಹೊಲಕ್ಕೆ ತೆಗೆದುಕೊಂಡು ಹೋಗುತ್ತಿದ್ದ ಪಾನೀಯ. ನೀರು, ಕಾಕಂಬಿ ಅಥವಾ ಮೇಪಲ್ ಸಿರಪ್, ಶುಂಠಿ, ವಿನೆಗರ್. ಓದುತ್ತಿದ್ದಂತೆ ನಿಮಗೆ ಏನೋ ಹೊಳೆದಿರಬೇಕು: ಬೆಲ್ಲದ ಬದಲು ಕಾಕಂಬಿ, ನಿಂಬೆಯ ಬದಲು ವಿನೆಗರ್ ಹಾಕಿದ ರಾಮನವಮಿ ಪಾನಕ ಇದು. ಬಿಸಿಲಲ್ಲಿ ದುಡಿದವರಿಗೆ ಸಿಹಿ, ಹುಳಿ, ಶುಂಠಿ ಬೇಕು ಅಂತ ಎರಡೂ ಕಡೆಯ ಜನಕ್ಕೆ ಅವರವರ ಪಾಡಿಗೆ ಗೊತ್ತಾಗಿದೆ. ಒಂದು ಲೀಟರ್ ನೀರಿಗೆ ಎರಡು ದೊಡ್ಡ ಚಮಚ ಆ್ಯಪಲ್ ಸೈಡರ್ ವಿನೆಗರ್, ನಾಲ್ಕು ಚಮಚ ಮೇಪಲ್ ಸಿರಪ್, ಒಂದು ಚಮಚ ತುರಿದ ಶುಂಠಿ, ಚಿಟಿಕೆ ಉಪ್ಪು, ರಾತ್ರಿ ಫ್ರಿಜ್‌ನಲ್ಲಿಟ್ಟು ಬೆಳಗ್ಗೆ ಸೋಸಿ. ಒಂದು ಜಗ್ ಸ್ವಿಚೆಲ್, ಪಕ್ಕದಲ್ಲಿ ಒಂದು ಜಗ್ ಪಾನಕ ಇಡಿ. ಮಾತಿಗೆ ಇದಕ್ಕಿಂತ ಒಳ್ಳೆಯ ನೆಪ ಬೇಕಿಲ್ಲ, ಅದರಲ್ಲೂ 2026ರಲ್ಲಿ 1776ರ ಸ್ವಾತಂತ್ರ್ಯ ಘೋಷಣೆಗೆ 250 ವರ್ಷ ತುಂಬುವಾಗ ಅಮೆರಿಕದವರಿಗೆ ಹಳೆಯದೆಲ್ಲದರ ಮೇಲೂ ಪ್ರೀತಿ ಉಕ್ಕಿರುತ್ತದೆ. ಮದ್ಯದ ಕಥೆ ಯಾರಾದರೂ ತೆಗೆದರೆ, 1778ರ ಜುಲೈ 4ಕ್ಕೆ ಜಾರ್ಜ್ ವಾಷಿಂಗ್ಟನ್ ತನ್ನ ಸೈನಿಕರಿಗೆ ರಮ್ಮಿನ ಪಡಿಯನ್ನು ಎರಡು ಪಟ್ಟು ಮಾಡಿ ಕೊಟ್ಟದ್ದನ್ನು ಹೇಳಿ. ಬೀದಿಯವರು ಬಿಯರ್ ತಂದೇ ತರುತ್ತಾರೆ. ಅದರ ಪೆಟ್ಟಿಗೆ ನಿಮ್ಮ ಮೇಜಿನಿಂದ ದೂರ ಇರಲಿ, 21 ತುಂಬದವರ ಕೈಗೆ ಸಿಗದ ಹಾಗೆ.

ಮಜ್ಜಿಗೆ ಕೊಡಬಹುದಾ ಅಂತ ನೀವು ಕೇಳಲಿಲ್ಲ, ಆದರೆ ಮನಸ್ಸಲ್ಲಿ ಇದ್ದೇ ಇರುತ್ತದೆ. ಕೊಡಿ, ಸಣ್ಣ ಕಪ್ಪಲ್ಲಿ, ಊಟದ ಜೊತೆ. ಉಪ್ಪು-ಇಂಗಿನ ಮೊಸರ ನೀರು ಅಮೆರಿಕದ ನಾಲಿಗೆಗೆ ಒಗ್ಗುವುದು ನಿಧಾನ, ಖಾರದ ಬಾರ್ಬೆಕ್ಯೂ ತಿಂದ ಮೇಲೆ ಕೊಟ್ಟರೆ ಮೆಚ್ಚುವವರು ಸಿಗುತ್ತಾರೆ. ಹೊರಗೆ ಇಟ್ಟು ಮರೆಯಬೇಡಿ ಅಷ್ಟೇ. ಹಾಲು, ಮೊಸರಿನದ್ದು ಫ್ರಿಜ್‌ನ ಹೊರಗೆ ಎರಡು ಗಂಟೆ, ಬಿಸಿಲು 90 ಫ್ಯಾರನ್‌ಹೀಟ್, ಅಂದರೆ 32 ಡಿಗ್ರಿ ದಾಟಿದರೆ ಒಂದೇ ಗಂಟೆ ಅನ್ನುವುದು ಅಲ್ಲಿನ ಕೃಷಿ ಇಲಾಖೆಯ ನಿಯಮ. ಡಾಲಸ್‌ನಲ್ಲಿ ನಿಮಗೆ ಅನ್ವಯಿಸುವುದು ಆ ಒಂದು ಗಂಟೆ. ಪದರದ ತೆಂಗಿನ ಹಾಲಿಗೂ ಇದೇ ಲೆಕ್ಕ, ಅದರ ಬಾಟಲಿ ಐಸಿನೊಳಗೆ ಹೂತಿರಲಿ.

ಜುಲೈ 4ಕ್ಕೂ ತಣ್ಣನೆ ಹಾಲಿಗೂ ಒಂದು ಹಳೇ ನಂಟು ಇದೆ. 1850ರ ಜುಲೈ 4ರಂದು ಅಧ್ಯಕ್ಷ ಜ್ಯಾಕರಿ ಟೇಲರ್ ವಾಷಿಂಗ್ಟನ್ ಸ್ಮಾರಕದ ಬಳಿ ಉರಿ ಬಿಸಿಲಲ್ಲಿ ಸಮಾರಂಭಕ್ಕೆ ಕೂತಿದ್ದರು. ಆಗ ಸ್ಮಾರಕ ಇನ್ನೂ ಕಟ್ಟುತ್ತಿದ್ದರು. ಆ ದಿನ ಅವರು ಚೆರ್ರಿ ಹಣ್ಣು ತಿಂದರು, ಐಸ್ ಹಾಕಿದ ಹಾಲು ಕುಡಿದರು. ಹೊಟ್ಟೆ ಕೆಟ್ಟಿತು, ಜುಲೈ 9ಕ್ಕೆ ತೀರಿಕೊಂಡರು. ಯಾರೋ ವಿಷ ಹಾಕಿರಬೇಕು ಅಂತ ಗುಮಾನಿ ಎಷ್ಟು ಉಳಿಯಿತೆಂದರೆ 1991ರಲ್ಲಿ ಸಮಾಧಿ ತೆಗೆದು ಪರೀಕ್ಷಿಸಿದರು, ಕೊಲ್ಲುವಷ್ಟು ಆರ್ಸೆನಿಕ್ ಸಿಗಲಿಲ್ಲ. ನಿಮ್ಮ ಅತ್ತೆ ಇದನ್ನು ಕೇಳಿದರೆ ಹಾಲು-ಹುಳಿಹಣ್ಣು ವಿರುದ್ಧಾಹಾರ, ಹೇಳಿರಲಿಲ್ಲವೇ ಅಂತಾರೆ. ಚೆರ್ರಿ ಮತ್ತು ಹಾಲು ಒಟ್ಟಿಗೆ ಸೇರಿದ್ದರಿಂದ ಯಾರೂ ಸಾಯುವುದಿಲ್ಲ. ಆಗಿನ ವಾಷಿಂಗ್ಟನ್‌ನಲ್ಲಿ ತೆರೆದ ಚರಂಡಿ, ಕೊಳಕು ನೀರು. ಕಾರಣ ಅದೇ ಇರಬೇಕು ಅನ್ನುವವರ ಮಾತು ನನಗೂ ಸರಿ ಅನ್ನಿಸುತ್ತದೆ.

ಪಟಾಕಿ ಹೊತ್ತಿಗೆ ಒಂದು ಎಚ್ಚರಿಕೆ. ಸುರುಸುರು ಬತ್ತಿಯನ್ನು ಲೋಟಕ್ಕೆ ಸಿಕ್ಕಿಸಿ ಫೋಟೊ ತೆಗೆಯುವ ಚಾಳಿ ಇದೆ. ಅದು ಸುಮಾರು 1,100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಉರಿಯುತ್ತದೆ, ಪ್ಲಾಸ್ಟಿಕ್ ಕಪ್ ಕರಗುತ್ತದೆ, ಲೋಹದ ಬೂದಿ ಕುಡಿಯುವುದಕ್ಕೇ ಬೀಳುತ್ತದೆ. ಹೊಗೆ ಬರಲಿ ಅಂತ ಡ್ರೈ ಐಸ್ ಹಾಕುವುದೂ ಬೇಡ. ಮೈನಸ್ 78 ಡಿಗ್ರಿಯ ತುಂಡನ್ನು ಯಾವುದೋ ಮಗು ನುಂಗಿದರೆ ಆಮೇಲೆ ಆಸ್ಪತ್ರೆಯೇ. ಕತ್ತಲಲ್ಲಿ ಏನಾದರೂ ಮಿನುಗಬೇಕು ಅಂತಿದ್ದರೆ ಟಾನಿಕ್ ವಾಟರ್ ಬಾಟಲಿ ಹಿಂದೆ ಒಂದು ಯುವಿ ದೀಪ ಇಡಿ. ಅದರಲ್ಲಿರುವ ಕ್ವಿನೈನ್ ತಾನಾಗಿಯೇ ನೀಲಿ ಹೊಳೆಯುತ್ತದೆ. ಕುಡಿಯಲು ಕಹಿ, ನೋಡಲಿಕ್ಕೆ ಸಾಕು.

ಕೊನೆಗೆ ಐಸ್. ಸಾಮಾನ್ಯ ಲೆಕ್ಕ ತಲೆಗೆ ಒಂದೂವರೆ ಪೌಂಡ್, ನಿಮ್ಮ ಬಿಸಿಲಿಗೆ ಎರಡು ಪೌಂಡ್ ಹಿಡಿಯಿರಿ. ನಲವತ್ತು ಜನಕ್ಕೆ 80 ಪೌಂಡ್, ಅಂದರೆ 20 ಪೌಂಡಿನ ನಾಲ್ಕು ಚೀಲ, ಹತ್ತಿರ ಹತ್ತಿರ 36 ಕೆಜಿ. ಬಾಟಲಿ ತಂಪು ಮಾಡಲು ಹಾಕಿದ ಐಸ್ ಬೇರೆ, ಲೋಟಕ್ಕೆ ಹಾಕುವ ಐಸ್ ಬೇರೆ ಪೆಟ್ಟಿಗೆ. ಮೊದಲನೆಯದರಲ್ಲಿ ಎಲ್ಲರೂ ಕೈ ಅದ್ದಿರುತ್ತಾರೆ. ಎರಡನೆಯದಕ್ಕೆ ಹಿಡಿ ಇರುವ ಸ್ಕೂಪ್ ಕಟ್ಟಿ ಇಡಿ, ಕಪ್ಪನ್ನೇ ಅದ್ದಿ ತುಂಬಿಕೊಳ್ಳಲು ಬಿಡಬೇಡಿ. ಡಬ್ಬದ ಶರಬತ್ತಿಗೆ ನೇರ ಐಸ್ ಸುರಿದರೆ ಆರು ಗಂಟೆ ಹೊತ್ತಿಗೆ ಅದು ಬಣ್ಣದ ನೀರು. ಅದರ ಬದಲು ಅದೇ ಶರಬತ್ತಿನ ಒಂದೆರಡು ಲೀಟರನ್ನು ಮೊದಲೇ ಕೇಕ್ ಟಿನ್ನಿನಲ್ಲಿ ಗಟ್ಟಿ ಮಾಡಿ ದೊಡ್ಡ ಗಡ್ಡೆಯಾಗಿ ಬಿಡಿ. ದೊಡ್ಡ ಗಡ್ಡೆ ನಿಧಾನ ಕರಗುತ್ತದೆ, ಕರಗಿದರೂ ಶರಬತ್ತೇ. ನಾಲ್ಕು ಚೀಲವನ್ನೂ ಮಧ್ಯಾಹ್ನವೇ ತರಬೇಡಿ. ಎರಡು ಮೂರೂವರೆಗೆ, ಇನ್ನೆರಡು ಆರೂವರೆ ಹೊತ್ತಿಗೆ ಯಾರನ್ನಾದರೂ ಕಳಿಸಿ ತರಿಸಿ. ಆ ದಿನ ಸಂಜೆ ಅಂಗಡಿಯ ಐಸ್ ಪೆಟ್ಟಿಗೆ ಬೇಗ ಖಾಲಿಯಾಗುತ್ತದೆ, ಹಾಗಾಗಿ ಹತ್ತಿರದ ಎರಡು ಅಂಗಡಿ ಮೊದಲೇ ನೋಡಿಟ್ಟುಕೊಳ್ಳಿ.